ಧನಕವಡಿಯ ತವರು

ಲಂಗರು ಹಾಕಿದ ಹಡಗಿನಿಂದ
೬ ಜನವರಿ ೨೦೨೪

ಶಿವಕಾಂತಾ,

ಫೋನಿಲ್ಲ, ಸುದ್ದಿಯಿಲ್ಲ ಎಂದು ಇಷ್ಟು ಹೊತ್ತಿಗೆ ನೀನು ನನಗೆ ಎಷ್ಟು ಮಂಗಳಾರತಿ ಮಾಡಿದ್ದೀಯೋ, ಇಲ್ಲಿಗೇ ಕೇಳಿಸುತ್ತಿದೆ. ಬೈದುಕೋ, ತಪ್ಪಿಲ್ಲ. ಹೋದ ತಿಂಗಳು ಡೆಕ್ಕಿನ ಮೇಲೆ ಕೆಲಸ ಮಾಡುವಾಗ ಮೊಬೈಲು ಕೈಜಾರಿ ಸಮುದ್ರಕ್ಕೆ ಬಿತ್ತು. ಅದಕ್ಕೇ ಈ ಕಾಗದ.

ಹಡಗು ಬಂದರಿನ ಒಳಗೆ ಹೋಗಿಲ್ಲ. ಮಾಲೀಕ ಯಾರಿಗೋ ಬಾಕಿ ಉಳಿಸಿಕೊಂಡಿದ್ದಾನಂತೆ, ಇಲ್ಲಿಯ ಕೋರ್ಟು ಹಡಗನ್ನು ಹಿಡಿದು ನಿಲ್ಲಿಸಿದೆ. ದಂಡೆ ಕಾಣುತ್ತದೆ. ಅಲ್ಲಿ ಓಡಾಡುವ ಕಾರುಗಳೂ ಕಾಣುತ್ತವೆ. ಕಾಲಿಡುವ ಹಾಗಿಲ್ಲ. ಕ್ಯಾಪ್ಟನ್ ಹತ್ತಿರ ಉಪಗ್ರಹದ ಫೋನಿದೆ, ಅದನ್ನು ಆ ಪುಣ್ಯಾತ್ಮ ತನ್ನ ಹೆಂಡತಿಗಿಂತ ಜೋಪಾನವಾಗಿ ಇಟ್ಟುಕೊಂಡಿದ್ದಾನೆ.

ನಮಗೆ ಕುಡಿಯುವ ನೀರು ತರುವ ದೋಣಿಯಲ್ಲಿ ರಘುರಾಮ ಎಂಬ ಕಾರವಾರದವನಿದ್ದಾನೆ. ನಾನು ಕನ್ನಡದಲ್ಲಿ ಗೊಣಗಿದ್ದು ಕೇಳಿ, "ಹೋಯ್, ನಮ್ಮವರಾ ನೀವು? ಬರೆದು ಕೊಡಿ, ದಂಡೆಗೆ ಹೋಗಿ ಫೋಟೋ ಹೊಡೆದು ಮನೆಗೆ ಕಳಿಸ್ತೆ" ಎಂದ. ನೀನೂ ಬರೆದು ಅವನ ನಂಬರಿಗೆ ಫೋಟೋ ಕಳಿಸು. ಅವನು ಅಚ್ಚು ಹಾಕಿಸಿ ಮುಂದಿನ ಸಲ ನೀರಿನ ಜೊತೆ ತರುತ್ತಾನೆ.

ನಾನು ಆರಾಮಾಗಿದ್ದೇನೆ. ಅಕ್ಷರ ಸೊಟ್ಟಗಿದ್ದರೆ ಹಡಗು ಅಲ್ಲಾಡುತ್ತದೆ ಎಂದುಕೋ. ಅಪ್ಪನ ಮೊಣಕಾಲು ಹೇಗಿದೆ? ಅವ್ವನಿಗೆ ಹೇಳು, ಹೊಟ್ಟೆತುಂಬ ಉಣ್ಣುತ್ತಿದ್ದೇನೆ ಎಂದು.

ಭೀಮು


ಬಿಬವೇವಾಡಿ, ಪುಣೆ
೨೧ ಜನವರಿ ೨೦೨೪

ಏನ್ರೀ ಹಡಗಿನ ಸಾಹೇಬರೇ,

ಮಂಗಳಾರತಿ ಇನ್ನೂ ಮುಗಿದಿಲ್ಲ. ಉಳಿದದ್ದು ನೀವು ಮನೆಗೆ ಬಂದ ಮೇಲೆ. ಸಂಕ್ರಾಂತಿಗೆ ಮುಂಚೆ ನಿಮ್ಮ ಕಾಗದ ಬಂದಾಗ ನಾನು ಮಗರಪಟ್ಟಾದಲ್ಲಿ ಅಪೂರ್ವ ಮೇಡಂ ಮನೆಯಲ್ಲಿ ಚಪಾತಿ ಲಟ್ಟಿಸುತ್ತಿದ್ದೆ. ಹಿಟ್ಟಿನ ಕೈಯಲ್ಲೇ ಫೋನ್ ಹಿಡಿದು ಓದಿ ಅಲ್ಲೇ ನೆಲಕ್ಕೆ ಕುಳಿತುಬಿಟ್ಟೆ. ಮೇಡಂ ಓಡಿ ಬಂದು "ಅಯ್ಯೋ, ಏನಾಯ್ತು ಶಿವಕಾಂತಾ, ಯಾರಿಗಾದ್ರೂ ಸೀರಿಯಸ್ಸಾ?" ಎಂದರು. "ಇಲ್ಲ ಮೇಡಂ, ನಮ್ಮವರು ಬದುಕಿದ್ದಾರೆ" ಎಂದೆ. ಅವತ್ತು ಎರಡು ಚಪಾತಿ ಸುಟ್ಟವು, ಅವರು ಏನೂ ಅನ್ನಲಿಲ್ಲ.

ಇನ್ನೊಂದು ಸುದ್ದಿ, ಕೂತು ಓದಿ. ನಿಮ್ಮನ್ನು ಹಡಗಿಗೆ ಹತ್ತಿಸಿದ ಏಜೆಂಟ ಶಿವರಾಜ ಸಂಕ್ರಾಂತಿಯ ಮರುದಿನ ತನ್ನ ತಾಯಿ ಸಾವಂತ್ರವ್ವನನ್ನು ಕರೆದುಕೊಂಡು ನಮ್ಮ ಒಂದೇ ಕೋಣೆಯ ಖೋಲಿಗೆ ಬಂದಿದ್ದ. ಅಷ್ಟು ದೊಡ್ಡ ಆಫೀಸಿನವನು, ಬಾಗಿಲಲ್ಲಿ ಬೂಟು ಬಿಚ್ಚಿ ಚಾಪೆಯ ಮೇಲೆ ಕುಳಿತ. ಸಾವಂತ್ರವ್ವ ನನಗೆ ಉಡಿ ತುಂಬಿದಳು ರೀ! ಅಕ್ಕಿ, ಕೊಬ್ಬರಿ ಬಟ್ಟಲು, ಅರಿಶಿಣ ಬೇರು, ಕುಪ್ಪಸದ ಖಣ. "ನಿನಗ ತವರಿಲ್ಲಂತ ಕೇಳೀನಿ ನನ್ನವ್ವ. ಇವತ್ತಿಂದ ನಾನ ನಿನ್ನ ತಾಯಿ, ಇಂವ ನಿನ್ನ ತಮ್ಮ. ಧನಕವಡಿ ಮನಿ ನಿನ್ನ ತವರುಮನಿ" ಎಂದಳು. ಅವ್ವ ಸತ್ತಾಗ ನನಗೆ ಐದು ವರ್ಷ. ಮದುವೆಯಲ್ಲಿ ಚಿಕ್ಕಮ್ಮ ಮುಖ ಸಿಂಡರಿಸಿಕೊಂಡು ಎರಡು ಹಿಡಿ ಹಾಕಿದ್ದು ಬಿಟ್ಟರೆ ನನ್ನ ಸೆರಗಿಗೆ ತವರಿನ ಅಕ್ಕಿ ಯಾವತ್ತು ಬಿದ್ದಿದೆ ಹೇಳಿ? ಗೊಳೋ ಎಂದು ಅತ್ತೆ. ಸಾವಂತ್ರವ್ವನೂ ಅತ್ತಳು.

ಶಿವರಾಜ ಎಲ್ಲವನ್ನೂ ಮೊಬೈಲಿನಲ್ಲಿ ವಿಡಿಯೋ ಮಾಡಿದ. "ಅಕ್ಕಾ, ಭಾವನ ಬಗ್ಗೆ ಎರಡು ಮಾತು ಹೇಳು. ಮೊದಲು ಗೌಂಡಿ ಕೆಲಸದಾಗ ಬಲಗೈಗೆ ಪೆಟ್ಟಾಗಿತ್ತಲ್ಲ?" ಎಂದ. ನಾನೂ ಜಂಬದಿಂದ ಹೇಳಿದೆ: "ಹೌದಪಾ, ಸಿಮೆಂಟಿನ ಮಿಕ್ಸರ್ ಮಶೀನಿಗೆ ಸಿಕ್ಕಿತ್ತು. ಈಗೂ ಥಂಡಿಗೆ ಆ ಕೈ ಹಿಡಕೋತದ. ಆದರೂ ಹಗ್ಗ ಜಗ್ಗೂದ್ರಾಗ ಅವರ ಮುಂದ ಯಾರ ನಡೀತದ?" ಎಲ್ಲರೂ ನಕ್ಕರು.

ಉಡಿಯ ಅಕ್ಕಿಯನ್ನು ಪದ್ಧತಿಯಂತೆ ಮನೆಯಲ್ಲೇ ಪಾಯಸ ಮಾಡಿ ಉಂಡೆವು. ನಿಮ್ಮ ಪಾಲು ನಾನೇ ಉಂಡೆ. ಅಕ್ಷರ ಯಾಕೆ ಹಾಗಿದೆ? ಬೇರೆ ಯಾರೋ ಬರೆದ ಹಾಗಿದೆ.

ನಿಮ್ಮ ಶಿವಕಾಂತಾ


ಹಡಗಿನಿಂದ
೨ ಫೆಬ್ರವರಿ ೨೦೨೪

ಶಿವಕಾಂತಾ,

ನಿನ್ನ ಕಾಗದ ಓದಿ ತಲೆ ಕೆಟ್ಟುಹೋಯಿತು. ಯಾರನ್ನು ಕೇಳಿ ಅವರ ಮುಂದೆ ನನ್ನ ಕೈಯ ಪುರಾಣ ಹೇಳಿದೆ? ಆ ಮಿಕ್ಸರಿನ ಗಾಯ ಮಾಯ್ದು ಎಷ್ಟು ವರ್ಷವಾಯಿತು! ಹಡಗು ಹತ್ತುವ ಮೊದಲು ಡಾಕ್ಟರು ಹಿಂದೆ ಮುಂದೆ ನೋಡಿ, ಬೆರಳು ಮಡಚಿಸಿ ಬಿಡಿಸಿ, ಪಾಸು ಮಾಡಿ ಕಳಿಸಿದ್ದಾರೆ. ಥಂಡಿಗೆ ಹಿಡಿದುಕೊಳ್ಳುತ್ತದೆಯಂತೆ! ಚಳಿಗೆ ಯಾರ ಕೈ ಹಿಡಿದುಕೊಳ್ಳುವುದಿಲ್ಲ ಹೇಳು?

ಸಿಟ್ಟು ಮಾಡಬೇಡ. ಡಿಸೆಂಬರಿನಲ್ಲಿ ನನ್ನ ಬಲಗೈಗೆ ಸ್ವಲ್ಪ ಪೆಟ್ಟಾಗಿದೆ. ಗಾಬರಿ ಬೇಡ, ಸ್ವಲ್ಪವೇ. ಅಕ್ಷರ ಸೊಟ್ಟಗಾದದ್ದು ಎಡಗೈಯಲ್ಲಿ ಬರೆದದ್ದಕ್ಕೆ. ಹಡಗಿನ ಕೆಲಸ ಮಾಡುವಾಗ ಪೆಟ್ಟಾದರೆ ದಂಡೆಯ ಡಾಕ್ಟರಿಗೆ ತೋರಿಸಬೇಕು, ಗುಣವಾಗುವವರೆಗೆ ಪಗಾರ ಕೊಡಬೇಕು, ಮಾಲೀಕನ ಖರ್ಚಿನಲ್ಲೇ ಮನೆಗೆ ಮುಟ್ಟಿಸಬೇಕು ಎಂದು ಕಾನೂನಿದೆ. ಮಾಲೀಕ ಕೈಯೆತ್ತಿದರೆ ಕೊಡಲಿಕ್ಕೆಂದೇ ಒಂದು ವಿಮೆ ಕಂಪನಿ ಇದೆ. ಅದರ ಕಾಗದ ನಮ್ಮ ಊಟದ ಕೋಣೆಯ ಗೋಡೆಯ ಮೇಲೇ ಅಂಟಿಸಿದೆ. ಮೂರು ಹೊತ್ತೂ ಅದನ್ನು ನೋಡಿಕೊಂಡೇ ಅನ್ನ ಉಣ್ಣುತ್ತೇನೆ. ರಘುರಾಮನ ಕೈಯಲ್ಲಿ ಆ ಕಂಪನಿಗೆ ಮೇಲ್ ಹಾಕಿಸಿದ್ದೇನೆ.

ಆದರೆ ಗಾಯ ಹಳೆಯದು ಎಂದಾದರೆ, ಅದನ್ನು ಮುಚ್ಚಿಟ್ಟು ಹಡಗು ಹತ್ತಿದ ಎಂದಾದರೆ, ಯಾವುದೂ ಇಲ್ಲ. ತಿಳಿಯಿತಾ? ಶಿವರಾಜನಿಗೆ ನನ್ನ ಪೆಟ್ಟಿನ ಸುದ್ದಿ ನಿನಗಿಂತ ಮೊದಲೇ ಮುಟ್ಟಿದೆ. ಅದಕ್ಕೇ ಬೂಟು ಬಿಚ್ಚಿದ್ದಾನೆ ಆ ಕಳ್ಳ. ಹೋಗಿ ವಿಡಿಯೋ ಅಳಿಸಲು ಹೇಳು.

ಭೀಮು


ಬಿಬವೇವಾಡಿ
೧೩ ಫೆಬ್ರವರಿ ೨೦೨೪

ಇವರಿಗೆ,

ಪೆಟ್ಟಾದದ್ದನ್ನು ಹೆಂಡತಿಗೆ ಹೇಳದೆ ಮೊಬೈಲು ಸಮುದ್ರಕ್ಕೆ ಬಿತ್ತು, ಹಡಗು ಅಲ್ಲಾಡಿತು ಎಂದು ಕಥೆ ಕಟ್ಟಿದವರು ನೀವು. ಈಗ ನಾನು ಕೆಟ್ಟವಳು! ಸ್ವಲ್ಪ ಪೆಟ್ಟು ಎಂದು ನೀವೇ ಬರೆದಿದ್ದೀರಿ, ಅದಕ್ಕೆ ಇಷ್ಟು ರಾದ್ಧಾಂತವೇ? ನನಗೆ ಒಬ್ಬ ತಾಯಿ ಸಿಕ್ಕಳು ಎಂಬುದನ್ನು ನಿಮಗೆ ನೋಡಲಿಕ್ಕಾಗುತ್ತಿಲ್ಲ. ತವರಿಲ್ಲದವಳು ಎಂದು ಆಡಿಕೊಳ್ಳುವುದು ಇನ್ನು ತಪ್ಪಿಹೋಯಿತಲ್ಲ ಎಂದು ಬೇಜಾರೇ?

ಶಿವರಾಜನನ್ನು ಕಳ್ಳ ಅನ್ನಬೇಡಿ. ಮಾವನಿಗೆ ಶಿವಾಜಿನಗರದ ತನ್ನ ಆಫೀಸಿನಲ್ಲಿ ವಾಚ್‌ಮನ್ ಕೆಲಸ ಕೊಟ್ಟಿದ್ದಾನೆ. ಮೊಣಕಾಲು ಹಿಡಿದ ಮನುಷ್ಯ ಎಷ್ಟು ವರ್ಷ ಇಟ್ಟಿಗೆ ಹೊರಬೇಕು? ಈಗ ಖುರ್ಚಿಯ ಮೇಲೆ ಕುಳಿತು ಬಂದವರಿಗೆ "ಯಾ ಸಾಹೇಬ, ಬಸಾ" ಎಂದು ಮರಾಠಿಯಲ್ಲಿ ಕರೆದು ಕೂರಿಸುತ್ತಾರೆ. ಅತ್ತೆ ಓಣಿಯವರಿಗೆಲ್ಲ ಹೇಳಿಕೊಂಡು ಬಂದಿದ್ದಾರೆ.

ವಿಡಿಯೋ ಬಗ್ಗೆ ಶಿವರಾಜನನ್ನು ಕೇಳಿದೆ. "ಅಯ್ಯ ಅಕ್ಕಾ, ಅದು ಮನಿ ಮಂದಿ ವಿಡಿಯೋ, ಅದಕ್ಕ್ಯಾಕ ಚಿಂತಿ" ಎಂದ. ನನಗೆ ಅಷ್ಟು ಸಾಕು.

ಕೈಗೆ ಅರಿಶಿಣ ಹಚ್ಚಿಕೊಳ್ಳಿ. ಸಿಟ್ಟಿಗೆ ಏನು ಹಚ್ಚಬೇಕೋ ನನಗೆ ಗೊತ್ತಿಲ್ಲ.

ಶಿವಕಾಂತಾ


ಹಡಗಿನಿಂದ
೨೪ ಫೆಬ್ರವರಿ ೨೦೨೪

ಶಿವಕಾಂತಾ,

ಇನ್ನು ಮುಚ್ಚುಮರೆ ಇಲ್ಲ. ಒಬ್ಬಳೇ ಇರುವಾಗ ಓದು, ಅವ್ವನ ಮುಂದೆ ಓದಬೇಡ.

ಡಿಸೆಂಬರಿನಲ್ಲಿ ಜೋರು ಗಾಳಿ ಎದ್ದಾಗ ಹಡಗನ್ನು ಜಾಗ ಬದಲಿಸಲು ಎಳೆಯುವ ಬೋಟು ಬಂದಿತ್ತು. ಕಬ್ಬಿಣದ ಗೂಟಕ್ಕೆ ಹಗ್ಗ ಸುತ್ತುವುದು ನನ್ನ ಕೆಲಸ. ನಾನು ಕೈ ತೆಗೆಯುವ ಮೊದಲೇ ಬೋಟಿನವನು ಎಳೆದ. ಕೈ ಹಗ್ಗಕ್ಕೂ ಗೂಟಕ್ಕೂ ನಡುವೆ ಸಿಕ್ಕಿತು. ಮೊಬೈಲು ನೀರಿಗೆ ಬಿದ್ದಿಲ್ಲ, ನಾನು ಬಿದ್ದಾಗ ನನ್ನ ಕೆಳಗೇ ಪುಡಿಯಾಯಿತು. ಎರಡು ಬೆರಳು ಕಪ್ಪಾಗಿವೆ. ಅಂಗೈಯಿಂದ ಕೀವು ನಿಲ್ಲುತ್ತಿಲ್ಲ. ಅಡುಗೆಯ ದಾದಾ ದಿನಾ ಬಿಸಿನೀರಿನಲ್ಲಿ ತೊಳೆದು ಕಟ್ಟುತ್ತಾನೆ, ಮೂಗು ಆ ಕಡೆ ತಿರುಗಿಸಿಕೊಂಡು. ನನಗೆ ಹೆದರಿಕೆಯಾಗುತ್ತಿದೆ. ಈ ಮಾತನ್ನು ಬೇರೆ ಯಾರಿಗೂ ಹೇಳಲಾರೆ, ನಿನಗೆ ಹೇಳುತ್ತಿದ್ದೇನೆ.

ಕ್ಯಾಪ್ಟನ್ ನನ್ನ ಪೆಟ್ಟನ್ನು ಹಡಗಿನ ದಿನಚರಿಯಲ್ಲಿ ಬರೆದೇ ಇಲ್ಲ. ಯಾಕೆ ಗೊತ್ತಾ? ನಿಂತ ಹಡಗಿನ ಮೇಲೂ ಏಳು ಮಂದಿ ಗಟ್ಟಿಮುಟ್ಟಾದವರು ಇರಲೇಬೇಕೆಂದು ನಿಯಮ. ನಾವಿರುವುದೇ ಏಳು. ನನ್ನ ಕೈ ಹೋಗಿದೆ ಎಂದು ಬರೆದರೆ ಒಬ್ಬ ಕಡಿಮೆಯಾಗುತ್ತಾನೆ, ಬದಲಿಗೆ ಯಾರೂ ಬರುವುದಿಲ್ಲ, ದಂಡ ಬೀಳುತ್ತದೆ. ಹಡಗು ಮುಳುಗದಿರಲಿ, ನಾವು ಸಾಯದಿರಲಿ ಎಂದು ಮಾಡಿದ ನಿಯಮವೇ ನನ್ನನ್ನು ಇಲ್ಲಿ ಕಟ್ಟಿಹಾಕಿದೆ. ಲೆಕ್ಕಕ್ಕೆ ನಾನು ಗಟ್ಟಿಮುಟ್ಟು.

ವಿಮೆಯವರ ಉತ್ತರ ಬಂತು. ಏಜೆಂಟ ಒಂದು ವಿಡಿಯೋ ಕಳಿಸಿದ್ದಾನಂತೆ. ಅದರಲ್ಲಿ ನಾವಿಕನ ಹೆಂಡತಿಯೇ ಕೈ ಮೊದಲಿನಿಂದಲೂ ಸರಿಯಿರಲಿಲ್ಲ ಎಂದು ನಗುತ್ತ ಹೇಳಿದ್ದಾಳಂತೆ. ಹಾಗಾಗಿ ಡಾಕ್ಟರನ್ನು ಕಳಿಸುವ ಹೊಣೆ ತಮ್ಮದಲ್ಲವಂತೆ.

ನಗುತ್ತ ಎಂದು ಬರೆದಿದ್ದಾರೆ. ರಘುರಾಮ ಓದಿ ಹೇಳುವಾಗ ಅದೊಂದು ಶಬ್ದ ಬಿಟ್ಟು ಹೇಳಲು ನೋಡಿದ, ಪಾಪ.

ಭೀಮು


ಧನಕವಡಿ, ಪುಣೆ
೬ ಮಾರ್ಚ್ ೨೦೨೪

ಇವರಿಗೆ,

ಮೊದಲು ನನ್ನ ಸಿಟ್ಟು ಕೇಳಿ, ಆಮೇಲೆ ಉಳಿದದ್ದು. ಕೈ ಜಜ್ಜಿಹೋಗಿದೆ ಎಂದು ಮೊದಲ ಕಾಗದದಲ್ಲೇ ಬರೆದಿದ್ದರೆ ಆ ವಿಡಿಯೋ ಮುಂದೆ ನನ್ನ ಬಾಯಿ ಬಿಚ್ಚುತ್ತಿತ್ತೇ? ನೀವು ಮುಚ್ಚಿಟ್ಟಿರಿ, ನಾನು ಬಿಚ್ಚಿಟ್ಟೆ. ಇಬ್ಬರೂ ಸೇರಿಯೇ ಆ ಕೈಗೆ ಕೊಡಲಿ ಹಾಕಿದ್ದೇವೆ.

ಶಿವಾಜಿನಗರದ ಆಫೀಸಿಗೆ ಹೋದೆ. ಬಾಗಿಲಲ್ಲಿ ಮಾವ ಖುರ್ಚಿಯಿಂದ ಎದ್ದು "ಏನವಾ, ಇಲ್ಲಿ ಯಾಕ ಬಂದಿ?" ಎಂದರು. ಒಳಗೆ ಶಿವರಾಜ ಚಹಾ ತರಿಸಿದ. "ಅಕ್ಕಾ, ಹಡಗಿನ ಕಂಪನಿಯವರು ಕೇಳಿದರು, ವಿಮೆಯವರಿಗೆ ಕಳಿಸಿದೆ. ಕ್ಲೇಮ್ ಆದರ ಅವರು ನನ್ನ ಹುಡುಗರನ್ನ ಮತ್ತ ತಗೊಳ್ಳಂಗಿಲ್ಲ. ಧಂದಾದಾಗ ಹಿಂಗ ನಡೀತದ. ನೀ ಗದ್ದಲ ಮಾಡಿದರ ಹೊರಗ ಕುಂತ ಹಿರ್ಯಾರ ಕೆಲಸಾನೂ ಹೋಗ್ತದ ನೋಡು" ಎಂದ. ಅಕ್ಕ ಎಂದೇ ಕರೆದು ಹೇಳಿದ, ಬಾಯಿಗೆ ಹುಳ ಬೀಳಲಿ ಅವನಿಗೆ.

ಅಪೂರ್ವ ಮೇಡಂ ಪೂರ್ತಿ ಕೇಳಿಸಿಕೊಂಡು ಅರ್ಧ ದಿನ ರಜೆ ಹಾಕಿ ಅವರಿವರಿಗೆ ಫೋನ್ ಮಾಡಿದರು. "ನೋಡಿ ಶಿವಕಾಂತಾ, ಮುಂಬೈಯಲ್ಲಿ ಹಡಗು ಇಲಾಖೆ ಇದೆ, ಅವರು ಆ್ಯಕ್ಷನ್ ತಗೋತಾರೆ. ಆದ್ರೆ ನೀವೇ ಈಗ ಮಾತು ಬದಲಾಯಿಸಿದ್ರೆ ದುಡ್ಡಿಗೋಸ್ಕರ ಅಂತಾರೆ. ಅತ್ತೆ ಮಾವ ಹೇಳಿದ್ರೂ ಅಷ್ಟೇ. ಅವತ್ತು ಅಲ್ಲಿದ್ದ ಹೊರಗಿನವರು ಯಾರಾದ್ರೂ, ಇವಳಿಗೆ ಗಾಯದ ವಿಷಯ ಗೊತ್ತಿರಲಿಲ್ಲ, ಗೊತ್ತಿಲ್ದೇ ಇರೋ ಹಾಗೆ ನೋಡ್ಕೊಂಡೇ ಕೇಳಿದ್ರು ಅಂತ ಹೇಳ್ಬೇಕು" ಎಂದರು.

ಹೊರಗಿನವರು ಅಂದರೆ ಅವತ್ತು ಇದ್ದದ್ದು ಇಬ್ಬರೇ, ಶಿವರಾಜ ಮತ್ತು ಸಾವಂತ್ರವ್ವ.

ಅತ್ತೆಗೆ ಹೇಳಿದರೆ ಎದೆ ಬಡಿದುಕೊಂಡರು. "ಉಡಿ ಅಕ್ಕಿ ಉಂಡೀವಿ. ತವರಿನ ಮ್ಯಾಲ ಯಾರರ ಫಿರ್ಯಾದಿ ಮಾಡ್ತಾರೇನ? ಮಂದಿ ಮುಖಕ್ಕ ಉಗುಳ್ತಾರ" ಎಂದರು. ಅವರ ಕಣ್ಣಿನಲ್ಲಿ ನಿಮ್ಮ ಕೈಯೂ ಇತ್ತು, ಮಾವನ ಖುರ್ಚಿಯೂ ಇತ್ತು. ಬೈಯಲು ಮನಸ್ಸಾಗಲಿಲ್ಲ.

ಅದಕ್ಕೇ ಒಂದು ಚೀಲದಲ್ಲಿ ಎರಡು ಸೀರೆ ತುಂಬಿಕೊಂಡು ಧನಕವಡಿಗೆ ಬಂದುಬಿಟ್ಟೆ. "ಅವ್ವಾ, ತವರಿಗೆ ಬಂದೀನಿ" ಎಂದೆ. ತವರಿಗೆ ಬಂದ ಮಗಳನ್ನು ಯಾರೂ ಹೊರಗೆ ಹಾಕುವಂತಿಲ್ಲ. ಸಂಜೆ ಶಿವರಾಜ ಬಂದು ನನ್ನನ್ನು ನೋಡಿ ಬೂಟು ಬಿಚ್ಚುವುದನ್ನೂ ಮರೆತ. ತಾಯಿಯ ಎದುರು ಏನೂ ಅನ್ನಲಾಗಲಿಲ್ಲ ಅವನಿಗೆ.

ಆದರೆ ನಾನೂ ಸಿಕ್ಕಿಬಿದ್ದಿದ್ದೇನೆ. ಈ ಮುದುಕಿಗೆ ಏನೂ ಗೊತ್ತಿಲ್ಲ ರೀ. ಅವಳು ಉಡಿ ತುಂಬಿದ್ದು ಖರೇನೇ. ದಿನಾ ನನ್ನ ತಲೆಗೆ ಎಣ್ಣೆ ಹಚ್ಚಿ ಹಣಿಗೆಯಿಂದ ಬಾಚುತ್ತಾಳೆ. "ಬಾಣಂತನಕ್ಕೂ ಇಲ್ಲೇ ಬಾ" ಎನ್ನುತ್ತಾಳೆ. ಇಂಥವಳ ಎದುರು ಕುಳಿತು, ನಿನ್ನ ಮಗನ ವಿರುದ್ಧ ಸಾಕ್ಷಿ ಹೇಳು ಎಂದು ಯಾವ ಬಾಯಿಂದ ಕೇಳಲಿ? ಇನ್ನೂ ಕೇಳಿಲ್ಲ.

ಶಿವಕಾಂತಾ


ಹಡಗಿನಿಂದ
೧೫ ಮಾರ್ಚ್ ೨೦೨೪

ಶಿವಕಾಂತಾ,

ನಾನಿಲ್ಲಿ ಕೊಳೆಯುತ್ತಿದ್ದೇನೆ, ನೀನು ಅವರ ಮನೆಯಲ್ಲಿ ತಲೆಗೆ ಎಣ್ಣೆ ಹಚ್ಚಿಸಿಕೊಳ್ಳುತ್ತಿದ್ದೀಯಾ. ಕೇಳಲು ಬಾಯಿ ಬರುವುದಿಲ್ಲವಂತೆ. ನನ್ನ ಮುಂದೆ ಅಷ್ಟು ಉದ್ದ ಬಾಯಿ, ಅಲ್ಲಿ ಏನಾಯಿತು ಅದಕ್ಕೆ? ಹೋಗಲಿ, ನಿನಗೆ ತವರು ಸಿಕ್ಕಿದೆ. ಅದನ್ನಾದರೂ ಉಳಿಸಿಕೋ.

ಕ್ಯಾಪ್ಟನ್ ನಿನ್ನೆ ಕರೆದಿದ್ದ. ನಾನೂ ಮೊಬೈಲಿನ ಮುಂದೆ ನಿಂತು ಗಾಯ ಹಳೆಯದು, ಈ ಹಡಗಿನ ಮೇಲೆ ಆದದ್ದಲ್ಲ ಎಂದು ಹೇಳಿಬಿಟ್ಟರೆ ಬದಲಿ ಆಳು ತರಿಸಿ ನನ್ನನ್ನು ವಿಮಾನ ಹತ್ತಿಸುತ್ತಾರಂತೆ. ಇಷ್ಟು ದಿನ ಇಲ್ಲದ ಬದಲಿ ಆಳು ಒಂದು ಮಾತಿಗೆ ಹುಟ್ಟಿಬರುತ್ತಾನೆ ನೋಡು. ಹಾಗೆ ಹೇಳಿದರೆ ಪಗಾರವಿಲ್ಲ, ಔಷಧವಿಲ್ಲ, ಮುಂದೆ ಯಾವ ಹಡಗೂ ಇಲ್ಲ. ಒಂದು ಕೈಯ ಆಳನ್ನು ಯಾವ ಗೌಂಡಿಯೂ ಕರೆಯುವುದಿಲ್ಲ. ಹೇಳದಿದ್ದರೆ ಇಲ್ಲೇ.

ಜ್ವರ ಇಳಿಯುತ್ತಿಲ್ಲ. ಮಿಕ್ಕವರೂ ಕೈ ಮುಗಿಯುತ್ತಿದ್ದಾರೆ, ನನ್ನಿಂದ ಗದ್ದಲವಾದರೆ ತಮ್ಮನ್ನೂ ಬಿಡುವುದಿಲ್ಲ ಎಂದು. ನಾಳೆ ಹೇಳಿಬಿಡುತ್ತೇನೆ. ಸಾಕಾಗಿದೆ ನನಗೆ.

ಭೀಮು


ಬಿಬವೇವಾಡಿ
೨೭ ಮಾರ್ಚ್ ೨೦೨೪

ನನ್ನ ರಾಜಾ,

ಹೇಳಬೇಡಿ. ಇದು ನಿಮ್ಮ ಕೈ ಸೇರುವ ಹೊತ್ತಿಗೆ ಹೇಳಿಯಾಗಿದ್ದರೂ ಹೆದರಬೇಡಿ, ಮುಂದೆ ಓದಿ.

ನಿಮ್ಮ ಕಾಗದ ಬಂದಾಗ ಸಾವಂತ್ರವ್ವ ನನ್ನ ಪಕ್ಕದಲ್ಲೇ ಮೆಂತ್ಯ ಸೋಸುತ್ತಿದ್ದಳು. ನನ್ನ ಮುಖ ನೋಡಿ "ಅಳಿಯ ಏನ ಬರದಾನ? ಓದಿ ಹೇಳು" ಎಂದಳು. ಅವಳಿಗೆ ಅಕ್ಷರ ಬಾರದು. ನನ್ನಿಂದ ಕೇಳುವುದಂತೂ ಆಗಿರಲಿಲ್ಲ, ಓದುವುದಾದರೂ ಆಗಲಿ ಎಂದು ಮೊದಲಿನಿಂದ ಎಲ್ಲ ಕಾಗದ ಓದಿಬಿಟ್ಟೆ. ಶಿವರಾಜನನ್ನು ಕಳ್ಳ ಎಂದದ್ದನ್ನೂ ಓದಿದೆ, ತಲೆಗೆ ಎಣ್ಣೆ ಎಂದದ್ದನ್ನೂ ಓದಿದೆ. ಮೆಂತ್ಯ ಅವಳ ಮಡಿಲಲ್ಲೇ ಉಳಿಯಿತು.

ಶಿವರಾಜ ಊಟಕ್ಕೆ ಬಂದ. ತಾಟಿನ ಮುಂದೆ ಕೂರಿಸಿ ಕೇಳಿದಳು: "ಆ ಹುಡುಗನ ಕೈ ಮುರದದ್ದು ನಿನಗ ಮೊದಲ ಗೊತ್ತಿತ್ತೇನ?" ಅವನು ಗೊತ್ತಿತ್ತು ಎಂದು ಒಪ್ಪಿಕೊಂಡು ಅದೇ ಹಾಡು ಹಾಡಿದ, ಧಂದಾ, ಕಂಪನಿ, ಎಲ್ಲ ನಿನಗ ತಿಳಿಯಂಗಿಲ್ಲವ್ವ ಎಂದು. ಸಾವಂತ್ರವ್ವ ಕೂಗಾಡಲಿಲ್ಲ. "ಸುಳ್ಳು ಹೇಳಾಕ ನಿನ್ನ ಬಾಯಿ ಇತ್ತಲ್ಲೋ. ನನ್ನ ಕೈ ಯಾಕ ಬೇಕಾಗಿತ್ತು? ನನ್ನ ಕೈಯಿಂದ ಯಾಕ ಉಡಿ ತುಂಬಿಸಿದಿ?" ಎಂದಳು. ಅವನು ಉಣ್ಣದೆ ಎದ್ದುಹೋದ. ಅವಳು ಬಹಳ ಹೊತ್ತು ಆ ತಾಟಿನ ಎದುರೇ ಕುಳಿತಿದ್ದಳು. ನನಗೆ ಅವಳನ್ನು ಮುಟ್ಟಲೂ ಧೈರ್ಯವಾಗಲಿಲ್ಲ.

ಮರುದಿನ ತಾನೇ ಹೊರಟು ನಿಂತಳು. ಅಪೂರ್ವ ಮೇಡಂ ಜೊತೆ ರೈಲಿನಲ್ಲಿ ಮೂವರೂ ಮುಂಬೈಗೆ ಹೋದೆವು. ಅಧಿಕಾರಿ ಮರಾಠಿಯಲ್ಲಿ "ಆಜಿ, ಶಿವರಾಜ ನಿಮ್ಮ ಹೊಟ್ಟೆಯ ಮಗ, ಗೊತ್ತಿದೆಯಲ್ಲ?" ಎಂದು ಕೇಳಿದರು. "ಅಕೀನೂ ಮಗಳ" ಎಂದಳು, ಕನ್ನಡದಲ್ಲೇ. ಆಮೇಲೆ ನಡೆದದ್ದನ್ನೆಲ್ಲ ಹೇಳಿ ಹೆಬ್ಬೆಟ್ಟು ಒತ್ತಿದಳು. ಆ ಬಂದರಿಗೂ ವಿಮೆಯವರಿಗೂ ಅವತ್ತೇ ಪತ್ರ ಹೋಗಿದೆ. ಡಾಕ್ಟರು ಬಂದೇ ಬರುತ್ತಾರೆ ಎಂದಿದ್ದಾರೆ.

ಶಿವರಾಜನ ಆಫೀಸಿಗೆ ಬೀಗ ಬಿದ್ದಿದೆ, ಮಾವನ ಖುರ್ಚಿಯೂ ಒಳಗೇ ಉಳಿಯಿತು. ಅವನು ತಾಯಿಗೆ "ನೀ ನನ್ನ ಮನ್ಯಾಗ ಇರಬ್ಯಾಡ" ಎಂದುಬಿಟ್ಟ. ಸಾವಂತ್ರವ್ವ ಒಂದು ಟ್ರಂಕು ಹಿಡಿದು ನಮ್ಮ ಖೋಲಿಯ ಬಾಗಿಲಿಗೆ ಬಂದಳು. ಒಂದೇ ಕೋಣೆಯಲ್ಲಿ ಈಗ ನಾಲ್ವರು. ಅತ್ತೆ ಅವಳೊಡನೆ ಮಾತಾಡುವುದಿಲ್ಲ, ಮಾವ ಗೋಡೆಗೆ ಮುಖ ಮಾಡಿ ಬೀಡಿ ಸೇದುತ್ತಾರೆ. ನಾನು ಮೂವರ ನಡುವೆ ತಾಟು ಹಿಡಿದು ಓಡಾಡುತ್ತೇನೆ. ಹೊರಗೆ ಹೋಗಿ ಉಸಿರು ಬಿಟ್ಟು ಒಳಗೆ ಬರುತ್ತೇನೆ ರೀ, ಅಷ್ಟು ಬಿಗಿ ಇಲ್ಲಿ.

ಎಲ್ಲಕ್ಕಿಂತ ದೊಡ್ಡ ಕಷ್ಟ, ಅವಳು ಇಲ್ಲಿ ಅನ್ನ ಮುಟ್ಟುವುದಿಲ್ಲ. "ಮಗಳ ಮನಿ ಅನ್ನ ತಾಯಿ ಉಣಬಾರದವ್ವ" ಎನ್ನುತ್ತಾಳೆ. ಮೂಲೆಯ ಟಪರಿಯಿಂದ ಚಹಾ, ಬನ್ನು ತರಿಸಿಕೊಳ್ಳುತ್ತಾಳೆ. ಅದು ಪದ್ಧತಿಯೋ, ನಾಚಿಕೆಯೋ, ಮಗನಿಗಾಗಿ ಸಂಕಟವೋ, ಕೇಳಲು ನನಗೆ ಬಾಯಿಲ್ಲ. ಸೊರಗಿಹೋಗಿದ್ದಾಳೆ. ನೀವು ಬಂದಾಗ ಅವಳನ್ನು ನೋಡಿ ಕೂಗಾಡಬಾರದು. ಮೊದಲೇ ಹೇಳಿದ್ದೇನೆ.

ನಿಮ್ಮ ಶಿವಕಾಂತಾ


ದಂಡೆಯ ಆಸ್ಪತ್ರೆಯಿಂದ
೧೧ ಏಪ್ರಿಲ್ ೨೦೨೪

ಶಿವಕಾಂತಾ,

ನಿನ್ನ ಕಾಗದ ರಘುರಾಮ ಆಸ್ಪತ್ರೆಗೇ ತಂದುಕೊಟ್ಟ. ನಾನು ದಂಡೆಯ ಮೇಲಿದ್ದೇನೆ.

ಹೌದು, ನಾನು ಹೇಳಿಬಿಟ್ಟಿದ್ದೆ. ಕ್ಯಾಪ್ಟನ್ ಹೇಳಿಕೊಟ್ಟ ಹಾಗೆ ಒಂದು ಶಬ್ದವನ್ನೂ ಬಿಡದೆ ಹೇಳಿದೆ. ಆಮೇಲೂ ಬದಲಿ ಆಳು ಬರಲಿಲ್ಲ, ವಿಮಾನವೂ ಇಲ್ಲ. ಎರಡು ವಾರದ ಮೇಲೆ ಬಂದರಿನ ಬೋಟಿನಲ್ಲಿ ಡಾಕ್ಟರು ಬಂದರು, ಜೊತೆಗೆ ಒಬ್ಬ ಅಧಿಕಾರಿ. ಇಳಿಯಲು ದಾರಿಯಿಲ್ಲದ ಹಡಗಿನ ಮೇಲೆ ನಿಲ್ಲಿಸಿಕೊಂಡು ಹೇಳಿಸಿದ ಮಾತಿಗೆ ಬೆಲೆಯಿಲ್ಲ, ಪುಣೆಯ ಮುದುಕಿಯೊಬ್ಬಳ ಹೇಳಿಕೆ ತಮ್ಮ ಹತ್ತಿರ ಇದೆ ಎಂದ. ನನಗೆ ಅರ್ಥವಾಗಲಿಲ್ಲ, ಜ್ವರದಲ್ಲಿದ್ದೆ. ನಿನ್ನ ಕಾಗದ ಓದಿದ ಮೇಲೆ ಅರ್ಥವಾಯಿತು. ಖರ್ಚು, ಪಗಾರ, ಮನೆಗೆ ಕಳಿಸುವುದು, ಎಲ್ಲ ವಿಮೆಯವರೇ ಒಪ್ಪಿಕೊಂಡಿದ್ದಾರೆ. ಉಳಿದ ಆರು ಮಂದಿ ಇನ್ನೂ ಹಡಗಿನ ಮೇಲೇ ಇದ್ದಾರೆ, ನನ್ನ ಬದಲಿಗೆ ಬಂದರಿನವರು ಒಬ್ಬ ಕಾವಲುಗಾರನನ್ನು ಹತ್ತಿಸಿದ್ದಾರೆ. ಕಿಟಕಿಯಿಂದ ಆ ಹಡಗು ಕಾಣುತ್ತದೆ. ನಾನು ಆ ಕಡೆ ನೋಡುವುದನ್ನು ಬಿಟ್ಟಿದ್ದೇನೆ.

ಈಗ ಇದನ್ನು ಹೇಗೆ ಬರೆಯಲಿ? ಕೈ ಉಳಿಯಲಿಲ್ಲ, ಶಿವಕಾಂತಾ. ಮಣಿಕಟ್ಟಿನಿಂದ ತೆಗೆದರು. ಜನವರಿಯಲ್ಲೇ ಬಂದಿದ್ದರೆ ಎರಡು ಬೆರಳಿನಲ್ಲಿ ಮುಗಿಯುತ್ತಿತ್ತು ಎಂದರು ಡಾಕ್ಟರು. ಎಚ್ಚರವಾದಾಗ ಕೈಯಿದ್ದ ಜಾಗದಲ್ಲಿ ಬಟ್ಟೆಯ ಗಂಟು ನೋಡಿ ನಾನು ಅತ್ತೆ. ಪಕ್ಕದ ಹಾಸಿಗೆಯವನು ಯಾವ ದೇಶದವನೋ, ಅವನೂ ಅತ್ತ. ನಿನಗೆ ಬರೆದ ಕೆಟ್ಟ ಮಾತುಗಳನ್ನೆಲ್ಲ ಜ್ವರಕ್ಕೆ ಹಾಕು. ಎಲ್ಲವೂ ಜ್ವರದ್ದಲ್ಲ, ಆದರೂ ಹಾಕು.

ಸಾವಂತ್ರವ್ವ ನಮ್ಮ ಖೋಲಿಯಲ್ಲಿದ್ದಾಳೆ ಎಂದು ಓದಿದಾಗ ಮೈಯೆಲ್ಲ ಉರಿಯಿತು, ಸುಳ್ಳು ಹೇಳುವುದಿಲ್ಲ. ಆ ಮನೆಯವರ ಮುಖ ನೋಡಬಾರದೆಂದು ಎಷ್ಟು ಸಲ ಆಣೆ ಮಾಡಿದ್ದೆನೋ. ಎರಡು ದಿನ ಹಾಗೇ ಬಿದ್ದುಕೊಂಡೆ. ಹೊಟ್ಟೆಯ ಮಗನನ್ನು ಬಿಟ್ಟುಕೊಟ್ಟು ನನ್ನನ್ನು ಇಳಿಸಿದವಳು ನನ್ನ ಬಾಗಿಲಲ್ಲಿ ಬನ್ನು ತಿಂದುಕೊಂಡು ಕೂರುವುದೆಂದರೆ ನನಗೆ ತಡೆಯಲಾಗುತ್ತಿಲ್ಲ.

ಹದಿನೈದು ದಿನದಲ್ಲಿ ಮನೆಗೆ ಕಳಿಸುತ್ತಾರೆ. ಅವಳಿಗೆ ಹೇಳು, ಮಗಳ ಕೈಯ ಅನ್ನ ಬೇಡವಾದರೆ ಬೇಡ. ನಾನು ಬಂದ ದಿನ ನಾನೇ ಬಡಿಸುತ್ತೇನೆ, ಅವ್ವನ ಪಕ್ಕದಲ್ಲೇ ಕೂರಿಸಿ ಬಡಿಸುತ್ತೇನೆ. ಎಡಗೈಯಿಂದ ಬಡಿಸಿದ ಎಂದು ಮಾತ್ರ ತಾಟು ಸರಿಸಬಾರದು. ನನಗೆ ಉಳಿದಿರುವುದು ಅದೊಂದೇ.

ಭೀಮು